ರವಾನೆಪ್ಪನವರ ಪ್ರಿಂಟರ್ ದಾನ

ದೇವರು ಈ ಲೋಕವನ್ನು ಮಾಡುವಾಗ ಯಾವ ವಸ್ತುವಿಗೂ ಚೀಟಿ ಬರೆದುಕೊಡಲಿಲ್ಲ. ಬೆಟ್ಟಕ್ಕೆ ಇಷ್ಟು ವರ್ಷ, ಹೊಳೆಗೆ ಇಷ್ಟು ವರ್ಷ, ಮನುಷ್ಯನ ಮೊಣಕಾಲಿಗೆ ಇಷ್ಟು ವರ್ಷ ಎಂದು ಎಲ್ಲೂ ಅಚ್ಚು ಹಾಕಿಸಲಿಲ್ಲ. ಇರುವಷ್ಟು ದಿನ ಇರುತ್ತದೆ, ಆಮೇಲೆ ಅವನಿಚ್ಛೆ. ಚೀಟಿ ಬರೆದುಕೊಡುವ ಅಭ್ಯಾಸ ಶುರುಮಾಡಿದವನು ಮನುಷ್ಯ. ಆ ಚೀಟಿಯನ್ನು ನಂಬಿ ನೆಮ್ಮದಿಯಾಗಿದ್ದವರಲ್ಲಿ ನಮ್ಮ ರವಾನೆಪ್ಪನವರೂ ಒಬ್ಬರು.

ರವಾನೆಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ರವಾನೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತು, ಬಂದ ಕಾಗದಗಳನ್ನೆಲ್ಲ ಮುಂದಕ್ಕೆ ಕಳಿಸಿ ಕಳಿಸಿ, ಆ ಹೆಸರು ಅವರಿಗೆ ಅಂಟಿಕೊಂಡಿತ್ತು. ಅವರ ಮೇಜಿನ ಮೇಲೆ ಲಕೋಟೆಗೆ ಮುದ್ರೆ ಒತ್ತುವ ಹಳೆಯ ಯಂತ್ರವೊಂದಿತ್ತು. ಮೇಲಿನ ಸಂದಿಯಲ್ಲಿ ಲಕೋಟೆ ಇಟ್ಟರೆ ಕೆಳಗಿನ ಸಂದಿಯಲ್ಲಿ ಮುದ್ರೆ ಬಿದ್ದು ಹೊರಬರುತ್ತಿತ್ತು. ಜಗತ್ತಿನ ಸಮಸ್ತ ಯಂತ್ರಗಳೂ ಇದೇ ಧರ್ಮವನ್ನು ಪಾಲಿಸುತ್ತವೆ ಎಂದು ರವಾನೆಪ್ಪನವರು ದೃಢವಾಗಿ ನಂಬಿದ್ದರು. ಈ ಕಥೆಯ ಸಕಲ ಅನರ್ಥಕ್ಕೂ ಆ ನಂಬಿಕೆಯೇ ಮೂಲ.

ಹೋದ ವರ್ಷ ಅವರು ಮನೆಗೆ ಒಂದು ಪ್ರಿಂಟರ್ ತಂದರು. ಬೀದಿಯಲ್ಲಿ ಅದೇ ಮೊದಲನೆಯದು. ಎದುರುಮನೆಯ ದರ್ಜಿಯಿಂದ ಹಿಡಿದು ಮೂಲೆಮನೆಯವರವರೆಗೆ ಎಲ್ಲರಿಗೂ, "ಏನೇ ಕಾಗದ ಬೇಕಾದ್ರೂ ಸಂಕೋಚ ಮಾಡ್ಕೋಬೇಡಿ, ಬನ್ನಿ" ಎಂದು ತಾವೇ ಹೋಗಿ ಹೇಳಿ ಬಂದರು. ವಾರಂಟಿ ಕಾರ್ಡನ್ನು ದೇವರ ಪಟದ ಹಿಂದೆ ಇಟ್ಟರು. ಬೆಳಗ್ಗೆ ಕೈ ಮುಗಿಯುವಾಗ ಅದಕ್ಕೂ ಒಂದು ನಮಸ್ಕಾರ ಸಲ್ಲುತ್ತಿತ್ತು. ವರ್ಷವಿಡೀ ಯಂತ್ರ ಒಂದು ದಿನವೂ ಕೆಮ್ಮಲಿಲ್ಲ.

ಅವರ ಹೆಂಡತಿಗೆ ಒಂದು ಶನಿವಾರ ಸಂದರ್ಶನದ ಪತ್ರ ಬಂತು. ಸಾರ್ವಜನಿಕ ಗ್ರಂಥಾಲಯದಲ್ಲಿ ಗ್ರಂಥಪಾಲಕಿಯ ಹುದ್ದೆ. ಆಕೆ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅಂಚೆಯ ಮೂಲಕ ಪಾಠ ಓದಿ ಪದವಿ ಪಡೆದು ಹದಿನಾಲ್ಕು ವರ್ಷವಾಗಿತ್ತು. ಹದಿನಾಲ್ಕು ವರ್ಷ ಅರ್ಜಿ ಹಾಕಿದ್ದಳು. ವಯಸ್ಸಿನ ಮಿತಿಯ ಪ್ರಕಾರ ಇದು ಕೊನೆಯ ವರ್ಷ. ಶುಕ್ರವಾರ ಹತ್ತು ಗಂಟೆಗೆ ಮೂಲ ಪ್ರಮಾಣಪತ್ರ ಮತ್ತು ಎರಡು ನಕಲುಗಳೊಂದಿಗೆ ಹಾಜರಾಗಬೇಕು ಎಂದು ಬರೆದಿತ್ತು.

"ನಕಲು ತಾನೇ? ಅಂಗಡಿಗೆ ಯಾಕೆ ಹೋಗ್ತೀಯ? ಮನೇಲಿ ಆನೆಯಂಥಾ ಯಂತ್ರ ಇದೆ" ಎಂದರು ರವಾನೆಪ್ಪನವರು. ಇದುವರೆಗೆ ನಕಲು ತೆಗೆಯುವ ಕೆಲಸ ಮಗಳದಾಗಿತ್ತು. ಅವಳು ಈಗ ಹಾಸ್ಟೆಲಿನಲ್ಲಿದ್ದಳು. ರವಾನೆಪ್ಪನವರು ಯಂತ್ರದ ಮುಂದೆ ಕೂತರು, ಮನಸ್ಸಿನಲ್ಲಿ ದೇವರನ್ನು ನೆನೆದರು. ನಕಲಿಗೆ ಮೂಲ ಕಾಗದ ಇಡುವ ಗಾಜಿನ ಕಡೆ ನೋಡಲೂ ಇಲ್ಲ. ಹೆಂಡತಿಯ ಮೂಲ ಪ್ರಮಾಣಪತ್ರವನ್ನು ಹಿಂಭಾಗದ ಖಾಲಿ ಕಾಗದ ಹಾಕುವ ಸಂದಿಯಲ್ಲಿ ಇಟ್ಟು ಗುಂಡಿ ಒತ್ತಿದರು.

ಯಂತ್ರ ಆ ದಪ್ಪ ಕಾಗದವನ್ನು ಸರಸರ ಒಳಗೆಳೆದುಕೊಂಡಿತು. ಆಮೇಲೆ ಕಟಕಟ ಎಂದಿತು. ಆಮೇಲೆ ಗೊರ್ ಎಂದಿತು. ಕೆಂಪು ದೀಪ ಹೊತ್ತಿಕೊಂಡು ಕಣ್ಣು ಮಿಟುಕಿಸತೊಡಗಿತು. ಪ್ರಮಾಣಪತ್ರದ ಒಂದು ಬೆರಳಗಲದಷ್ಟು ಅಂಚು ಮಾತ್ರ, ಅರ್ಧ ಮುದ್ರೆ ಮತ್ತು ಯಾರದೋ ಸಹಿಯ ಬಾಲದೊಂದಿಗೆ, ಹೊರಗುಳಿಯಿತು.

ಹೆಂಡತಿ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಆಯ್ತಾ?"

"ಆಗ್ತಾ ಇದೆ."

"ಮೂಲ ಪ್ರತಿ ಕೊಡಿ, ಒಳಗಿಡ್ತೀನಿ."

"ಒಳಗೇ ಇದೆ ಕಣೇ."

ಆಕೆ ಬಗ್ಗಿ ನೋಡಿದಳು. ಹದಿನಾಲ್ಕು ವರ್ಷದ ಆಸೆ ಒಂದು ಬೆರಳಗಲ ಕಾಣುತ್ತಿತ್ತು.

"ಅಲ್ರೀ, ಇದನ್ನ ಯಾಕೆ ಇಲ್ಲಿ ತುರುಕಿದ್ರಿ?"

"ನಕಲು ಮಾಡೋದು ಹೆಂಗೆ ಮತ್ತೆ? ಅದಕ್ಕೆ ನೋಡೋಕೆ ಕೊಡಬೇಡ್ವಾ? ಒಂದು ಒಳಗೆ ಹೋದ್ರೆ ಎರಡು ಹೊರಗೆ ಬರುತ್ತೆ ಅಂದ್ಕೊಂಡೆ."

"ಎರಡು ಬರೋದಿರಲಿ, ಹೋಗಿದ್ದು ಬರಲಿ ಮೊದಲು. ಎಳೀಬೇಡಿ! ಹರಿದುಹೋದ್ರೆ ಇನ್ನೊಂದು ಪ್ರತಿ ತರಿಸೋಕೆ ಆರು ತಿಂಗಳು. ಶುಕ್ರವಾರ ಅಷ್ಟೊತ್ತು ಕಾಯಲ್ಲ."

ಅಷ್ಟರಲ್ಲಿ ಎದುರುಮನೆಯ ದರ್ಜಿ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದ. ಅವನಿಗೆ ಅಂಗಡಿ ಬಾಗಿಲಿಗೆ ಹಚ್ಚಲು "ಇಂದು ರಜೆ" ಎಂಬ ಕಾಗದ ಬೇಕಿತ್ತು. ಯಂತ್ರವನ್ನು ಸುತ್ತ ಒಮ್ಮೆ ನೋಡಿದ. "ದಾರ ಸಿಕ್ಕಿಕೊಂಡ್ರೆ ನಾನು ಚಕ್ರ ಹಿಂದಕ್ಕೆ ತಿರುಗಿಸ್ತೀನಿ. ಇದಕ್ಕೆ ಹಿಂದಕ್ಕೆ ಹೋಗೋ ಚಕ್ರ ಇಲ್ವಾ?"

"ಇದು ಮುಂದಕ್ಕೆ ಮಾತ್ರ ಹೋಗೋದು" ಎಂದರು ರವಾನೆಪ್ಪನವರು.

"ಮುಂದಕ್ಕೂ ಹೋಗ್ತಾ ಇಲ್ವಲ್ಲ ಯಜಮಾನ್ರೇ."

ರವಾನೆಪ್ಪನವರು ಗಂಭೀರವಾಗಿ ಎದ್ದು ದೇವರ ಪಟದ ಹಿಂದಿನಿಂದ ವಾರಂಟಿ ಕಾರ್ಡನ್ನು ತೆಗೆದರು. ಕಣ್ಣಿಗೊತ್ತಿಕೊಂಡರು. ಆಮೇಲೆ ಓದಿದರು. ಓದಿದ ಮೇಲೆ ಕೂತರು. ವಾರಂಟಿ ಮುಗಿದು ಹನ್ನೊಂದು ದಿನವಾಗಿತ್ತು.

ಸೋಮವಾರ ಅವರು ಕಂಪನಿಗೆ ಫೋನ್ ಮಾಡಿದರು. ಒಂದು ಹೆಣ್ಣುದನಿ ಬಹಳ ಮರ್ಯಾದೆಯಿಂದ ಯಂತ್ರದ ಹುಟ್ಟಿದ ದಿನಾಂಕ ಕೇಳಿತು. "ಕ್ಷಮಿಸಿ ಸಾರ್, ವಾರಂಟಿ ಮುಗಿದಿದೆ."

"ಗೊತ್ತಮ್ಮಾ. ಆದ್ರೆ ಕೆಡೋವಾಗ ಹನ್ನೊಂದೇ ದಿನ ಆಗಿತ್ತು. ನಮ್ಮ ಕಚೇರೀಲಿ ಹನ್ನೊಂದು ದಿನ ತಡವಾದ ಕಾಗದಾನ ನಾವು ಸಕಾಲಕ್ಕೆ ಬಂದಿದ್ದು ಅಂತಲೇ ತಗೋತೀವಿ."

"ಸಾರ್, ಆ ಮಾದರಿ ಯಂತ್ರ ಈಗ ತಯಾರಾಗ್ತಾ ಇಲ್ಲ. ಹೊಸದು ತಗೊಳ್ಳಿ."

"ಹೊಸದರೊಳಗೆ ನನ್ನ ಹೆಂಡತಿ ಸರ್ಟಿಫಿಕೇಟು ಇರುತ್ತಾ?"

"ಈ ಸಂಭಾಷಣೆ ನಿಮಗೆ ತೃಪ್ತಿ ಕೊಟ್ಟಿದ್ರೆ ಐದನ್ನ ಒತ್ತಿ" ಎಂದು ದನಿ ಬಂತು. ರವಾನೆಪ್ಪನವರು ಸೌಜನ್ಯಕ್ಕೆಂದು ಐದನ್ನೇ ಒತ್ತಿದರು.

ಪೇಟೆಯ ರಿಪೇರಿ ಅಂಗಡಿಯವನು ಹೊರಗಿದ್ದ ಅಂಚನ್ನು ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡ. "ಒರಿಜಿನಲ್ಲು ಅಂತೀರಿ. ಹರಿದ್ರೆ ನನ್ನ ತಲೆಗೆ ಬರುತ್ತೆ. ನಾನು ಮುಟ್ಟಲ್ಲ" ಎಂದ.

ಆಗ ರವಾನೆಪ್ಪನವರಿಗೆ ದೇವರೇ ದಾರಿ ತೋರಿಸಿದಂತೆ ಒಂದು ಉಪಾಯ ಹೊಳೆಯಿತು. ಕಚೇರಿಯ ಯಂತ್ರಗಳನ್ನು ನೋಡಿಕೊಳ್ಳಲು ಒಪ್ಪಂದದ ಮೆಕ್ಯಾನಿಕ್ ಒಬ್ಬನಿದ್ದ. ಮಂಗಳವಾರ ಬರುತ್ತೇನೆ ಎಂದು ಹೇಳಿದ್ದ. ಯಾವ ಮಂಗಳವಾರ ಎಂದು ಅವನು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಮಂಗಳವಾರ ಬೆಳಗ್ಗೆ ರವಾನೆಪ್ಪನವರು ಪ್ರಿಂಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಕಚೇರಿಯ ಗೇಟಿಗೆ ಬಂದರು. ಕಾವಲುಗಾರ ಕೋಲು ಅಡ್ಡ ಹಿಡಿದ. ಅವನು ನಿಯಮನಿಷ್ಠ ಮನುಷ್ಯ. ಗೇಟಿನ ಪುಸ್ತಕದಲ್ಲಿ ಬರೆಯದೆ ಗಾಳಿಯನ್ನು ಒಳಗೆ ಬಿಡುವುದಕ್ಕೂ ಅವನಿಗೆ ಸಂಕಟ.

"ಏನ್ಸಾರ್ ಅದು?"

"ಪ್ರಿಂಟರು. ಮನೇದು. ರಿಪೇರಿಗೆ."

ಕಾವಲುಗಾರ ಪುಸ್ತಕ ಬಿಚ್ಚಿ ಕನ್ನಡಕ ಏರಿಸಿದ. "ಒಳಗೆ ಬರೋ ಸಾಮಾನಿಗೆ ಎರಡೇ ಕಾಲಂ ಸಾರ್. ಒಂದು ಖರೀದಿ, ಇನ್ನೊಂದು ದಾನ. ರಿಪೇರಿ ಅನ್ನೋ ಕಾಲಂ ಇಲ್ಲ."

"ಹಾಗಾದ್ರೆ ಬರೀಬೇಡ."

"ಬರೀದೆ ಬಿಟ್ರೆ ಕಳ್ಳಮಾಲು ಆಗುತ್ತೆ. ಖರೀದಿನೋ ದಾನಾನೋ ಕಳ್ಳಮಾಲೋ, ನೀವೇ ಹೇಳಿ ಸಾರ್. ನಾನು ನೀವು ಹೇಳಿದ್ದನ್ನ ಬರಿಯೋನು."

ರವಾನೆಪ್ಪನವರು ದೇವರಿಗೆ ಹೆದರುವವರು. ಕಳ್ಳಮಾಲು ಎಂಬ ಮಾತು ಕಿವಿಗೆ ಬಿದ್ದೊಡನೆ ಅವರಿಗೆ ಬೆವರಿತು. ತೋಳು ಬೇರೆ ಸೋಲುತ್ತಿತ್ತು. "ಏನಾದ್ರೂ ಒಂದು ಬರ್ಕೋ ಮಾರಾಯಾ. ದಾನ ಅಂತಲೇ ಬರ್ಕೋ. ಮೆಕ್ಯಾನಿಕ್ ನೋಡಿದ ಮೇಲೆ ವಾಪಸ್ ತಗೊಂಡು ಹೋಗ್ತೀನಿ."

ಕಾವಲುಗಾರ ದಪ್ಪ ಅಕ್ಷರದಲ್ಲಿ "ದಾನ" ಎಂದು ಬರೆದು ಕೆಳಗೆ ಗೆರೆ ಎಳೆದ.

ಮೆಕ್ಯಾನಿಕ್ ಬರಲಿಲ್ಲ. ದಾನದ ಸುದ್ದಿ ಮಾತ್ರ ಗೇಟಿನಿಂದ ಸಾಹೇಬರ ಮಹಡಿಗೆ, ಮೆಟ್ಟಿಲು ಹತ್ತಿದ ಸದ್ದೂ ಕೇಳದಂತೆ, ಹೋಗಿ ಮುಟ್ಟಿತು. ಆ ಕಚೇರಿಯ ಸ್ವಂತ ಪ್ರಿಂಟರ್ ಕೆಟ್ಟು ಮೂರು ವರ್ಷವಾಗಿತ್ತು. ಹೊಸದಕ್ಕೆ ಬರೆದ ಪತ್ರಗಳನ್ನೆಲ್ಲ ರವಾನೆಪ್ಪನವರೇ ರವಾನಿಸಿದ್ದರು. ಹನ್ನೆರಡು ಗಂಟೆಗೆ ಸಾಹೇಬರಿಂದ ಕರೆ ಬಂತು. ಇವರು ಒಳಗೆ ಹೋದಾಗ ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ರವಾನೆಪ್ಪನವರಿಗಾಗಿ ಯಾವ ಕುರ್ಚಿಯೂ ಖಾಲಿಯಾಗಿರಲಿಲ್ಲ.

"ನನ್ನ ಸರ್ವೀಸಿನಲ್ಲಿ ಇಲ್ಲಿಂದ ಮನೆಗೆ ಹೋಗಿದ್ದನ್ನೇ ನೋಡಿದ್ದೀನಿ ಕಣ್ರೀ" ಎಂದರು ಸಾಹೇಬರು. "ಪೆನ್ನು ಹೋಯ್ತು, ಗುಂಡುಪಿನ್ನು ಹೋಯ್ತು, ಒಬ್ಬರು ಫ್ಯಾನೇ ಬಿಚ್ಕೊಂಡು ಹೋದ್ರು. ಮನೆಯಿಂದ ಕಚೇರಿಗೆ ತಂದುಕೊಟ್ಟವರು ನೀವೇ ಮೊದಲು."

"ಸಾರ್, ಅದು ಏನಾಯ್ತು ಅಂದ್ರೆ..."

"ಏನೂ ಹೇಳಬೇಡಿ. ದೊಡ್ಡ ಮನಸ್ಸಿನವರು ಕೊಟ್ಟಿದ್ದನ್ನ ಹೇಳ್ಕೊಳಲ್ಲ."

"ಕೆಟ್ಟುಹೋಗಿದೆ ಸಾರ್ ಅದು."

ಸಾಹೇಬರ ಕಣ್ಣು ತುಂಬಿ ಬಂತು. "ನೋಡಿ! ಅದರಲ್ಲೂ ಎಷ್ಟು ಪ್ರಾಮಾಣಿಕತೆ! ದಾನ ಕೊಟ್ಟು, ದೋಷಾನೂ ತಾವೇ ಹೇಳ್ತಾರೆ!"

ಹೊಗಳಿಕೆಯನ್ನು ನಡುವೆ ನಿಲ್ಲಿಸುವ ವಿದ್ಯೆಯನ್ನು ರವಾನೆಪ್ಪನವರು ಕಲಿತಿರಲಿಲ್ಲ. ಅವರಿಗೆ ಅಂಥ ಪ್ರಸಂಗವೇ ಬಂದಿರಲಿಲ್ಲವಲ್ಲ.

ಅವರು ಮಹಡಿ ಇಳಿದು ಬರುವಷ್ಟರಲ್ಲಿ ಸ್ಟೋರ್ ಮೇಡಂ ತಮ್ಮ ಕೆಲಸ ಮುಗಿಸಿಯಾಗಿತ್ತು. ಕಚೇರಿಯ ಸಾಮಾನೆಲ್ಲ ಅವರ ಸುಪರ್ದಿ. ಒಂದು ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಕುಂಚ. ಕಪ್ಪು ಪ್ರಿಂಟರಿನ ನೆತ್ತಿಯ ಮೇಲೆ "ನೀ.ಸ. 214" ಎಂಬ ಅಕ್ಷರಗಳು ಒದ್ದೆಯಾಗಿ ಹೊಳೆಯುತ್ತಿದ್ದವು.

"ಮೇಡಂ! ಅದನ್ನ ಸಂಜೆ ಮನೆಗೆ ಒಯ್ಯಬೇಕಿತ್ತು!"

"ಬಣ್ಣ ಒಣಗೋವರೆಗೂ ಮುಟ್ಟಬೇಡಿ."

"ಒಣಗಿದ ಮೇಲೆ?"

"ಒಣಗಿದ ಮೇಲೆ ಸರ್ಕಾರದ್ದು. ಆಮೇಲಂತೂ ಮುಟ್ಟಲೇಬೇಡಿ."

"ಅದರೊಳಗೆ ಒಂದು ಕಾಗದ ಇದೆ ಮೇಡಂ."

"ನೋಡಿದೆ. ಅದನ್ನೂ ಸೇರಿಸಿದ್ದೀನಿ" ಎಂದು ಅವರು ದಾಸ್ತಾನು ಪುಸ್ತಕ ತಿರುಗಿಸಿ ತೋರಿಸಿದರು. ಯಂತ್ರ ಒಂದು. ಯಂತ್ರದೊಳಗೆ ಕಾಗದ ಒಂದು. "ನನ್ನ ಲೆಕ್ಕದಲ್ಲಿ ಏನೂ ಬಿಟ್ಟುಹೋಗಲ್ಲ" ಎಂದು ಹೆಮ್ಮೆಯಿಂದ ಕುಂಚ ಒರೆಸಿಕೊಂಡರು.

ಹೀಗೆ ಹದಿನಾಲ್ಕು ವರ್ಷ ಹಳೆಯ ಒಂದು ಪದವಿ, ಬಕೀಟು, ಬೀಗ, ಪೈಪುಗಳ ಸಾಲಿನಲ್ಲಿ ನೀರು ಸರಬರಾಜು ಕಚೇರಿಯ ಆಸ್ತಿಯಾಯಿತು.

ಬುಧವಾರವೂ ಮೆಕ್ಯಾನಿಕ್ ಬರಲಿಲ್ಲ. ರವಾನೆಪ್ಪನವರು ಮನೆಯಲ್ಲಿ "ರಿಪೇರಿ ನಡೀತಾ ಇದೆ" ಎಂದಷ್ಟೇ ಹೇಳಿದ್ದರು. ಆದರೆ ಸಂಜೆ ದರ್ಜಿ ಹೂವಿನ ಹಾರ ಹಿಡಿದುಕೊಂಡು ಬಂದುಬಿಟ್ಟ. ನೀರಿನ ಬಿಲ್ಲಿನ ಕೆಲಸಕ್ಕೆ ಕಚೇರಿಗೆ ಹೋಗಿದ್ದವನಿಗೆ ಕಾವಲುಗಾರ ಎಲ್ಲವನ್ನೂ ಹೇಳಿದ್ದ.

"ಅಮ್ಮಾ, ನಿಮ್ಮ ಯಜಮಾನ್ರು ಇಂಥವರು ಅಂತ ಗೊತ್ತೇ ಇರಲಿಲ್ಲ! ನಮ್ಮ 'ಇಂದು ರಜೆ' ಬೋರ್ಡಿಗಿಂತ ಸರ್ಕಾರ ದೊಡ್ಡದು ಅಂತ ಯಂತ್ರಾನೇ ದಾನ ಮಾಡಿಬಿಟ್ರಲ್ಲ!"

ಹೆಂಡತಿ ಹಾರವನ್ನು ನೋಡಿದಳು, ದರ್ಜಿಯನ್ನು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. "ಏನ್ರೀ ಇದು?"

"ದಾನ ಮಾಡಿಲ್ಲ ಕಣೇ. ದಾನ ಆಯ್ತು ಅಷ್ಟೇ."

"ನನ್ನ ಸರ್ಟಿಫಿಕೇಟು?"

"ಅದಕ್ಕೇನೂ ಭಯ ಇಲ್ಲ. ಈಗ ಅದು ಪುಸ್ತಕದಲ್ಲೇ ಇದೆ."

"ಯಾವ ಪುಸ್ತಕದಲ್ಲಿ?"

"ದಾಸ್ತಾನು ಪುಸ್ತಕದಲ್ಲಿ."

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ರವಾನೆಪ್ಪನವರಿಗೆ ಎಷ್ಟೋ ಹಗುರವಾಗುತ್ತಿತ್ತು. ದರ್ಜಿಯ ಕೈಯಿಂದ ಹಾರ ತೆಗೆದುಕೊಂಡು ಗಂಡನ ಕೊರಳಿಗೆ ತಾನೇ ಹಾಕಿದಳು. "ಹಾಕ್ಕೊಂಡಿರಿ. ನಾಳೆ ನಾನೂ ನಿಮ್ಮ ಆಫೀಸಿಗೆ ಬರ್ತೀನಿ" ಎಂದಳು. ಆ ರಾತ್ರಿ ಊಟದವರೆಗೂ ಅವರು ಹಾರ ತೆಗೆಯುವ ಧೈರ್ಯ ಮಾಡಲಿಲ್ಲ.

ಗುರುವಾರ ಆಕೆ ನೇರವಾಗಿ ಸಾಹೇಬರ ಕೋಣೆಗೆ ನಡೆದಳು. ಹಿಂದೆ ಗಂಡ, ಅವರ ಹಿಂದೆ ಪುಸ್ತಕ ಹಿಡಿದ ಸ್ಟೋರ್ ಮೇಡಂ.

"ನಮಸ್ಕಾರ ಸಾರ್. ನಿಮ್ಮ ಕಚೇರಿ ನನ್ನ ಡಿಗ್ರೀನ ಸ್ಟಾಕಿಗೆ ಸೇರಿಸಿಕೊಂಡಿದೆ."

ಸಾಹೇಬರು ಎಲ್ಲವನ್ನೂ ಕೇಳಿದರು. ಕೇಳಿ ಕಣ್ಣು ಮುಚ್ಚಿದರು. "ಅಮ್ಮಾ, ದಾನ ಬಂದಿದೆ ಅಂತ ಮೇಲಿನ ಕಚೇರಿಗೆ ನಿನ್ನೇನೇ ಬರೆದುಬಿಟ್ಟಿದ್ದೀನಿ. ರವಾನೆಯೂ ಆಗಿದೆ."

"ರವಾನೆ ಮಾಡಿದ್ದು ಯಾರು?" ಎಂದು ಆಕೆ ಕೇಳಿದಳು. ರವಾನೆಪ್ಪನವರು ಕಿಟಕಿಯ ಹೊರಗೆ ನೋಡಿದರು.

"ಹೋಗಲಿ, ಕಾಗದ ಒಂದನ್ನ ಹೊರಗೆ ತೆಗೆಸಿಕೊಡಿ ಸಾರ್. ನಾಳೆ ಹತ್ತು ಗಂಟೆಗೆ ಬೇಕು."

"ದಾಸ್ತಾನಿನಲ್ಲಿರೋದನ್ನ ಹೊರಗೆ ಕೊಡೋದಾದ್ರೆ ವಿಲೇವಾರಿ ಸಮಿತಿ ಸೇರಬೇಕು" ಎಂದರು ಸ್ಟೋರ್ ಮೇಡಂ. "ವರ್ಷಕ್ಕೊಂದು ಸಲ ಸೇರುತ್ತೆ. ಹೋದ ತಿಂಗಳು ಸೇರಿತ್ತು."

ಕೋಣೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಕೆಟ್ಟದ್ದು ಮಾಡುವ ಮನಸ್ಸಿರಲಿಲ್ಲ. ಒಳ್ಳೆಯ ಮನಸ್ಸಿನ ನಾಲ್ಕು ಜನ ಒಂದು ಕೋಣೆಯಲ್ಲಿ ಸೇರಿ ಒಂದು ಹಾಳೆಯನ್ನು ಎರಡಡಿ ಆಚೆ ಸರಿಸಲಾರದೆ ನಿಂತ ಆ ಹೊತ್ತಿನಲ್ಲಿ ಮೇಲಿರುವವನು ನಕ್ಕನೋ, ನಿಟ್ಟುಸಿರಿಟ್ಟನೋ, ನಾವು ತಿಳಿಯೆವು.

ಹೆಂಡತಿಯೇ ಮೊದಲು ಚೇತರಿಸಿಕೊಂಡಳು. "ಸಾರ್, ಕೊಡೋಕೆ ಆಗಲ್ಲ. ಸರಿ. ನಿಮ್ಮ ಹತ್ರ ಇದೆ ಅಂತ ಬರೆದುಕೊಡೋಕೆ ಆಗುತ್ತಾ?"

ಸಾಹೇಬರ ಮುಖ ಅರಳಿತು. ಬರೆದುಕೊಡುವುದೊಂದೇ ಆ ಕಚೇರಿಗೆ ಯಾವತ್ತೂ ಕಷ್ಟವಾಗದ ಕೆಲಸ. ಅವರು ಹೇಳಿದರು, ರವಾನೆಪ್ಪನವರು ದುಂಡಗಿನ ಅಕ್ಷರದಲ್ಲಿ ಬರೆದರು: "ಅರ್ಜಿದಾರರ ಗ್ರಂಥಾಲಯ ವಿಜ್ಞಾನದ ಮೂಲ ಪ್ರಮಾಣಪತ್ರವು ಈ ಕಚೇರಿಯ ದಾಸ್ತಾನು ಸಂಖ್ಯೆ 214ರ ಯಂತ್ರದೊಳಗೆ, ಒಂದು ಬೆರಳಗಲ ಹೊರಗೆ ಕಾಣುವಂತೆ, ಕ್ಷೇಮವಾಗಿ ಇರುತ್ತದೆಂದು ಈ ಮೂಲಕ ದೃಢೀಕರಿಸಲಾಗಿದೆ." ಸಾಹೇಬರು ಸಹಿ ಹಾಕಿದರು. ರವಾನೆಪ್ಪನವರು ತಮ್ಮ ಮೇಜಿಗೆ ಓಡಿಹೋಗಿ ಒಂದರ ಬದಲು ಮೂರು ಮುದ್ರೆ ಒತ್ತಿದರು. ಅಷ್ಟು ಭಕ್ತಿಯಿಂದ ಅವರು ಹಿಂದೆಂದೂ ಮುದ್ರೆ ಒತ್ತಿರಲಿಲ್ಲ.

ಶುಕ್ರವಾರ ಸಂದರ್ಶನ. ಐದು ಜನ ಅಭ್ಯರ್ಥಿಗಳು. ಮೂಲ ಪ್ರತಿ ತಂದವರನ್ನೆಲ್ಲ ಮಂಡಳಿ ಅನುಮಾನದಿಂದ ನೋಡಿತು. ಒಬ್ಬರದರಲ್ಲಿ ಮುದ್ರೆ ಮಾಸಿತ್ತು, ಇನ್ನೊಬ್ಬರದರಲ್ಲಿ ಹೆಸರು ಅಳಿಸಿತ್ತು. ಈಕೆಯ ಪತ್ರವನ್ನು ಅಧ್ಯಕ್ಷರು ಎರಡು ಸಲ ಓದಿದರು. ಮೂರು ಮುದ್ರೆಗಳನ್ನೂ ಬೆರಳಿನಿಂದ ಸವರಿದರು. "ಸರ್ಕಾರಿ ಯಂತ್ರದೊಳಗೇ ಇದೆ ಅಂದ್ಮೇಲೆ ಕಳೆದುಹೋಗೋ ಪ್ರಶ್ನೆಯೇ ಇಲ್ಲ" ಎಂದರು. ಆಮೇಲೆ ಕೇಳಿದರು: "ಗ್ರಂಥಾಲಯದಲ್ಲಿ ಪುಸ್ತಕ ಸಿಗಲಿಲ್ಲ ಅಂದ್ರೆ ಏನು ಮಾಡ್ತೀರಿ?"

"ಕಪಾಟು ಹುಡುಕಲ್ಲ ಸಾರ್. ತಪ್ಪಾಗಿ ಇಟ್ಟೋರು ಯಾರು ಅಂತ ಹುಡುಕ್ತೀನಿ. ಅವರು ದಿನಾ ಹೆಂಗೆ ಕೆಲಸ ಮಾಡ್ತಾರೆ ಅಂತ ತಿಳಿದ್ರೆ ಎಲ್ಲಿ ಇಟ್ಟಿರ್ತಾರೆ ಅಂತ ಗೊತ್ತಾಗುತ್ತೆ."

ಮಂಡಳಿ ತಲೆದೂಗಿತು. ಆಕೆ ಆಯ್ಕೆಯಾದಳು. ಒಂದೇ ಷರತ್ತು: ಸೋಮವಾರ ಹನ್ನೊಂದು ಗಂಟೆಗೆ ಗ್ರಂಥಾಲಯದ ಪರಿಶೀಲನಾಧಿಕಾರಿ ಖುದ್ದಾಗಿ ಬಂದು ನೋಡುತ್ತಾರೆ. ಪತ್ರದಲ್ಲಿ ಹೇಳಿದಂತೆಯೇ ಪ್ರಮಾಣಪತ್ರ ಇದ್ದರೆ ನೇಮಕದ ಆದೇಶ ಕೈಗೆ. ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ.

ಸೋಮವಾರ ಹತ್ತೂವರೆಗೆ ಮೆಕ್ಯಾನಿಕ್ ಬಂದ.

ಯಾರೂ ಕರೆದಿರಲಿಲ್ಲ. ಸಾಹೇಬರು ಮೇಲೆ ಫೋನಿನಲ್ಲಿದ್ದರು. ಸ್ಟೋರ್ ಮೇಡಂ ಬಣ್ಣದ ಡಬ್ಬಿ ತುಂಬಿಸಲು ಹೋಗಿದ್ದರು. ರವಾನೆಪ್ಪನವರು ಯಂತ್ರವಿದ್ದ ಕೋಣೆಗೆ ಬರುವಷ್ಟರಲ್ಲಿ ಆ ಮನುಷ್ಯ ಕೈ ಒರೆಸಿಕೊಳ್ಳುತ್ತಿದ್ದ. ಕೆಂಪು ದೀಪ ಹೋಗಿ ಹಸಿರು ದೀಪ ಬಂದಿತ್ತು. ಮೇಜಿನ ಮೇಲೆ, ಒಂದು ಸುಕ್ಕೂ ಇಲ್ಲದೆ, ಹೆಂಡತಿಯ ಪ್ರಮಾಣಪತ್ರ ಮಲಗಿತ್ತು.

"ಹಿಂದುಗಡೆ ಒಂದು ಬಾಗಿಲಿದೆ ಸಾರ್" ಎಂದ ಮೆಕ್ಯಾನಿಕ್. "ಒತ್ತಿದ್ರೆ ತೆರೆಯುತ್ತೆ. ಅಷ್ಟೇ."

"ಬಂತಾ! ದೇವರೇ, ಬಂತಾ!" ರವಾನೆಪ್ಪನವರು ಕಾಗದವನ್ನು ಎದೆಗೊತ್ತಿಕೊಂಡರು. ಮೂರು ಉಸಿರಿನಷ್ಟು ಹೊತ್ತು ಅವರಷ್ಟು ಸುಖಿ ಲೋಕದಲ್ಲಿ ಇರಲಿಲ್ಲ. ನಾಲ್ಕನೆಯ ಉಸಿರಿಗೆ ಗೋಡೆಯ ಗಡಿಯಾರ ಕಂಡಿತು. ಹತ್ತು ನಲವತ್ತು.

"ಒಳಗೆ ಹಾಕು! ಒಳಗೆ ಹಾಕಪ್ಪಾ!"

ಗದ್ದಲ ಕೇಳಿ ಸಾಹೇಬರು ಇಳಿದು ಬಂದರು. "ಯಾರ್ರೀ ಇದನ್ನ ಹೊರಗೆ ತೆಗೆಸಿದ್ದು? ಒಳಗಿದೆ ಅಂತ ನನ್ನ ಸಹಿ ಇದೆ! ಈಗ ನಾನು ಸುಳ್ಳುಗಾರ ಆಗಲಾ?"

ಸ್ಟೋರ್ ಮೇಡಂ ಓಡಿ ಬಂದರು. "ಇಲ್ಲಿ ಯಂತ್ರ ಒಂದು, ಕಾಗದ ಒಂದು. ಒಳಗೆ ಅಂತ ಬರೆದಿದ್ದೀನಿ. ಒಳಗೇ ಇರಬೇಕು!"

ರವಾನೆಪ್ಪನವರು ಪ್ರಮಾಣಪತ್ರವನ್ನು ಹಿಂದಿನ ಸಂದಿಯಲ್ಲಿ ಇಟ್ಟರು. ರಿಪೇರಿಯಾದ ಯಂತ್ರ ಉತ್ಸಾಹದಿಂದ ಎಳೆದುಕೊಂಡಿತು, ಅಷ್ಟೇ ಉತ್ಸಾಹದಿಂದ ಮುಂದಿನ ತಟ್ಟೆಗೆ ಕೊಟ್ಟುಬಿಟ್ಟಿತು. ಮತ್ತೆ ಇಟ್ಟರು. ಮತ್ತೆ ಬಂತು. ಸಾಹೇಬರು ತಾವೇ ಇಟ್ಟರು. ಪದವಿಗೆ ತಕ್ಕ ಮರ್ಯಾದೆಯಿಂದ, ಸ್ವಲ್ಪ ನಿಧಾನವಾಗಿ, ಆದರೂ ಬಂತು. ಒಂದು ವಾರ ಉಸಿರು ಬಿಗಿಹಿಡಿದು ಕೂತಿದ್ದ ಯಂತ್ರ ಈಗ ಏನನ್ನೂ ಇಟ್ಟುಕೊಳ್ಳಲು ಒಪ್ಪುತ್ತಿರಲಿಲ್ಲ.

"ಸ್ವಲ್ಪ ಕೆಡಿಸಿಕೊಡಪ್ಪಾ" ಎಂದರು ಸಾಹೇಬರು ಮೆಕ್ಯಾನಿಕ್‌ಗೆ. "ಬಹಳ ಬೇಡ. ಮೊದಲು ಎಷ್ಟು ಕೆಟ್ಟಿತ್ತೋ ಅಷ್ಟೇ."

ಮೆಕ್ಯಾನಿಕ್ ನೊಂದುಕೊಂಡ. "ಏನ್ಸಾರ್ ಹಿಂಗಂತೀರಿ? ನನ್ನ ಕೆಲಸಕ್ಕೆ ಮೂರು ತಿಂಗಳು ವಾರಂಟಿ ಇದೆ. ಅಲ್ಲಿವರೆಗೂ ಅದು ಕೆಡಲ್ಲ."

ವಾರಂಟಿ ಎಂಬ ಮಾತು ಕೇಳಿ ರವಾನೆಪ್ಪನವರು ಗೋಡೆಗೆ ಒರಗಿದರು.

ಅದೇ ಹೊತ್ತಿಗೆ ಹೆಂಡತಿ ಗೇಟಿನಿಂದ ಅವಸರವಾಗಿ ಒಳಗೆ ಬಂದಳು. "ಪರಿಶೀಲನಾಧಿಕಾರಿ ಬಂದ್ರು. ಕಾವಲುಗಾರ ತಡೆದು ನಿಲ್ಲಿಸಿದ್ದಾನೆ. ಅವರ ಕೈಲಿರೋ ಬ್ಯಾಗು ಖರೀದಿನೋ ದಾನಾನೋ ಅಂತ ಕೇಳ್ತಾ ಇದ್ದಾನೆ." ಆಮೇಲೆ ಮುಂದಿನ ತಟ್ಟೆಯಲ್ಲಿ ಬಿದ್ದಿದ್ದ ತನ್ನ ಪ್ರಮಾಣಪತ್ರ ಅವಳ ಕಣ್ಣಿಗೆ ಬಿತ್ತು. ಒಂದು ವಾರ ಅದು ಹೊರಬರಲೆಂದು ಬೇಡಿಕೊಂಡವಳು, ಈಗ ಅದನ್ನು ಕಂಡು ಬೆಚ್ಚಿದಳು.

"ಒಳಗೆ ನಿಲ್ತಾ ಇಲ್ಲ ಕಣೇ" ಎಂದರು ರವಾನೆಪ್ಪನವರು, ಅಳುವ ದನಿಯಲ್ಲಿ. "ಸರಿಹೋಗಿಬಿಟ್ಟಿದೆ."

ಆಕೆ ನಾಲ್ವರನ್ನೂ ಒಮ್ಮೆ ನೋಡಿದಳು. ಯಂತ್ರವನ್ನು ನೋಡಿದಳು. ಗೋಡೆಯ ಹತ್ತಿರ ಹೋಗಿ ಪ್ಲಗ್ಗನ್ನು ಕಿತ್ತಳು. ಹಸಿರು ದೀಪ ಆರಿತು. ಪ್ರಮಾಣಪತ್ರವನ್ನು ಎತ್ತಿಕೊಂಡು ಹಿಂದಿನ ಸಂದಿಯಲ್ಲಿ ಮೆಲ್ಲಗೆ ಇಳಿಸಿದಳು. ಅದು ಅಲ್ಲೇ ನಿಂತಿತು.

ಸಾಹೇಬರು, "ಪ್ಲಗ್ ಕೀಳಬಹುದಿತ್ತು, ಅಲ್ವಾ?" ಎಂದರು.

"ಒಂದು ಬೆರಳಗಲ ಹೊರಗಿರಬೇಕು" ಎಂದು ಸ್ಟೋರ್ ಮೇಡಂ ನೆನಪಿಸಿದರು. "ಯಾರ ಬೆರಳು?"

"ಸಹಿ ಮಾಡಿದವರ ಬೆರಳು" ಎಂದಳು ಹೆಂಡತಿ. ಸಾಹೇಬರ ತೋರುಬೆರಳನ್ನು ಹಿಡಿದು ಅಂಚಿನ ಮೇಲೆ ಅಡ್ಡ ಇಟ್ಟು, ಅಳತೆಗೆ ತಕ್ಕಂತೆ ಕಾಗದವನ್ನು ಸರಿಪಡಿಸಿದಳು.

ಪರಿಶೀಲನಾಧಿಕಾರಿ ಒಳಗೆ ಬಂದರು. ಸಣ್ಣ ಆಳು, ದಪ್ಪ ಕನ್ನಡಕ, ಕಂಕುಳಲ್ಲಿ ಫೈಲು. ಬ್ಯಾಗು ಗೇಟಿನಲ್ಲೇ ಉಳಿದಿತ್ತು. ಅವರು ಯಾರಿಗೂ ನಮಸ್ಕಾರ ಹೇಳದೆ ಯಂತ್ರದ ಮುಂದೆ ಮಂಡಿಯೂರಿ ಕೂತರು. ನೆತ್ತಿಯ ಮೇಲಿನ ಸಂಖ್ಯೆ ಓದಿದರು. ಅರ್ಧ ಮುದ್ರೆ ನೋಡಿದರು. ಸಹಿಯ ಬಾಲ ನೋಡಿದರು. ತಮ್ಮ ಬೆರಳನ್ನು ಇಟ್ಟು ನೋಡಿ ಹುಬ್ಬು ಗಂಟಿಕ್ಕಿದರು.

"ಬೆರಳಗಲಕ್ಕಿಂತ ಜಾಸ್ತಿ ಇದೆಯಲ್ಲ."

ಹೆಂಡತಿ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಕಚೇರಿ ಮುಖ್ಯಸ್ಥರ ಬೆರಳು ಸಾರ್ ಅದು" ಎಂದರು ರವಾನೆಪ್ಪನವರು. ಎಲ್ಲಿಂದ ಬಂತೋ ಧೈರ್ಯ, ಅವರಿಗೂ ತಿಳಿಯಲಿಲ್ಲ. "ನಿಮ್ಮದು ಚಿಕ್ಕ ಬೆರಳು."

ಸಾಹೇಬರು ಗಂಭೀರವಾಗಿ ಮುಂದೆ ಬಂದು ತಮ್ಮ ಬೆರಳನ್ನು ಇಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಪರಿಶೀಲನಾಧಿಕಾರಿ ತಮ್ಮ ನಮೂನೆಯಲ್ಲಿ "ಇದೆ" ಎಂಬಲ್ಲಿ ಗುರುತು ಹಾಕಿದರು. ಫೈಲಿನಿಂದ ಒಂದು ಲಕೋಟೆ ತೆಗೆದು ಆಕೆಯ ಕೈಗೆ ಕೊಟ್ಟರು. "ಬುಧವಾರ ಬಂದು ಸೇರ್ಕೊಳಿ ಅಮ್ಮಾ."

ಆಕೆ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಡೆಯಲಿಲ್ಲ. ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ಬೈಗುಳ ಎಷ್ಟು, ಮತ್ತಿನ್ನೇನೋ ಎಷ್ಟು ಎಂದು ಬಿಡಿಸಿ ನೋಡುವ ಶಕ್ತಿ ರವಾನೆಪ್ಪನವರಿಗೆ ಇರಲಿಲ್ಲ. ಅವರು ಸುಮ್ಮನೆ ಕಣ್ಣೊರೆಸಿಕೊಂಡರು.

ಬ್ಯಾಗು ಬಿಡಿಸಿಕೊಳ್ಳಲು ಹೊರಟ ಪರಿಶೀಲನಾಧಿಕಾರಿ ಬಾಗಿಲಲ್ಲಿ ತಿರುಗಿದರು. "ಪ್ರೊಬೇಷನ್ ಒಂದು ವರ್ಷ. ಮುಗಿದಾಗ ಮತ್ತೆ ಬಂದು ನೋಡ್ತೀನಿ. ಅಲ್ಲಿವರೆಗೂ ಇದು ಹೀಗೇ ಇರಬೇಕು. ಅಂದಹಾಗೆ, ಯಂತ್ರ ಕೆಟ್ಟಿದೆ ತಾನೇ?"

"ಯಾರು ಹೇಳಿದ್ದು?" ಎಂದು ಮೆಕ್ಯಾನಿಕ್ ಸಿಡಿದೆದ್ದ. "ನಾನೇ ರಿಪೇರಿ ಮಾಡಿದ್ದೀನಿ. ಹೊಸದರ ಹಾಗೆ ಓಡುತ್ತೆ!"

ಸಾಹೇಬರು ಅವನ ಕಾಲನ್ನು ತುಳಿದರು. ತಡವಾಗಿತ್ತು.

"ಓಡುತ್ತಾ?" ಪರಿಶೀಲನಾಧಿಕಾರಿಯ ಕನ್ನಡಕ ಮೂಗಿನ ಮೇಲೆ ಜಾರಿತು. "ಹಾಗಾದ್ರೆ ಗೊತ್ತಿಲ್ಲದೋರು ಯಾರಾದ್ರೂ ಬಂದು ಪ್ಲಗ್ ಹಾಕಿ ಉಪಯೋಗಿಸಿಬಿಟ್ರೆ? ಒಂದು ಬೋರ್ಡು ಹಾಕಿ. ಈಗಲೇ. ನಾನು ನೋಡಿಯೇ ಹೋಗೋದು."

"ನಮ್ಮ ರವಾನೆಪ್ಪನವರ ಅಕ್ಷರ ದುಂಡಗಿದೆ, ಬರೀತಾರೆ" ಎಂದರು ಸಾಹೇಬರು. ಸ್ಟೋರ್ ಮೇಡಂ ಒಂದು ರಟ್ಟು ಮತ್ತು ಬಿಳಿ ಬಣ್ಣದ ಡಬ್ಬಿ ತಂದಿಟ್ಟರು. ರವಾನೆಪ್ಪನವರು ಕುಂಚ ಕೈಗೆತ್ತಿಕೊಂಡು ಬಹಳ ಹೊತ್ತು ಯೋಚಿಸಿದರು. ಸುಳ್ಳು ಬರೆಯುವ ಹಾಗಿರಲಿಲ್ಲ, ಅವರು ದೇವರಿಗೆ ಹೆದರುವವರು. ಮೆಕ್ಯಾನಿಕ್ ಬೇರೆ ಪಕ್ಕದಲ್ಲೇ ನಿಂತು ಅಕ್ಷರ ಅಕ್ಷರ ಕಾಯುತ್ತಿದ್ದ. ಕೊನೆಗೆ ಬರೆದು ಮುಗಿಸಿ, ಯಂತ್ರದ ಮೇಲೆ ಒರಗಿಸಿಟ್ಟು, ಒಂದು ಹೆಜ್ಜೆ ಹಿಂದೆ ಸರಿದರು. ಹೆಂಡತಿ ಗಟ್ಟಿಯಾಗಿ ಓದಿದಳು:

"ಈ ಯಂತ್ರ ಪೂರ್ತಿ ಸರಿಯಾಗಿದೆ. ಆದ್ದರಿಂದ ಯಾರೂ ಬಳಸಬಾರದು."